ನವಿಲುಗುಡ್ಡದ ಅಳಿಯ

೧೯೩೯, ಫೆಬ್ರವರಿ ೫, ಭಾನುವಾರ

ಅಲ್ಲ, ನಿನ್ನೆ ಅಷ್ಟೆಲ್ಲ ಬರೆದು ಮುಖ್ಯ ಮಾತನ್ನೇ ಬಿಟ್ಟೆ. ಮರುಳಸಿದ್ದಪ್ಪ ನನ್ನ ಅತ್ತೆಯ ಮುಖ ನೋಡಿದ್ದಾನೆ. ನೋಡಿದ್ದಷ್ಟೇ ಅಲ್ಲ, ಎದುರುಬದುರು ಕುಳಿತು ಮಂಡಕ್ಕಿ ತಿಂದು ನಕ್ಕು ಬಂದಿದ್ದಾನೆ.

"ಮ್ಯಾಲಿನ ಹಲ್ಲು ಎರಡು ಹೋಗ್ಯಾವಲೇ ಮುದಿಕೀಗೆ. ನಕ್ರ ಮಸ್ತ್ ಕಾಣ್ತಾಳ" ಎಂದ, ತನ್ನ ಖಾದಿ ಅಂಗಡಿಯಲ್ಲಿ ನೂಲಿನ ಲಡಿ ತೂಗುತ್ತ. ನನ್ನ ಅತ್ತೆಯ ಹಲ್ಲು ಬಿದ್ದ ಸುದ್ದಿ ನನಗೆ ಇವನಿಂದ ತಿಳಿಯಬೇಕು!

ಪಂಪಮ್ಮನನ್ನು ಕೈಹಿಡಿದ ದಿನದಿಂದ ಆಕೆಯನ್ನು ಮಣ್ಣು ಮಾಡಿದ ದಿನದವರೆಗೂ ನಾನು ಅತ್ತೆ ಉಚ್ಚೆಂಗಮ್ಮನ ಮುಖ ಕಂಡವನಲ್ಲ. ನವಿಲುಗುಡ್ಡದ ಪದ್ಧತಿಯೇ ಹಾಗೆ. ಅಲ್ಲಿ ಅತ್ತೆ ಅಳಿಯನ ಕಣ್ಣಿಗೆ ಬೀಳುವಂತಿಲ್ಲ. ಸ್ವಂತ ಅತ್ತೆ ಮಾತ್ರವಲ್ಲ, ಊರೆಲ್ಲ ಒಂದೇ ಬಳಗವಾದ್ದರಿಂದ ಅತ್ತೆಯ ವರಸೆಯಾಗುವ ಹಿರಿಯ ಹೆಂಗಸರೆಲ್ಲ ನಾನು ಓಣಿಗೆ ಕಾಲಿಟ್ಟರೆ ಸೆರಗು ಜಗ್ಗಿಕೊಂಡು ಬಾಗಿಲ ಹಿಂದೆ ಸರಿಯುತ್ತಾರೆ. ಅತ್ತೆ ಮಾತಾಡುವುದು ಮರೆಯಿಂದಲೇ, ಅದೂ ಕಂಬಕ್ಕೆ ಹೇಳಿದಂತೆ: "ಅಳಿಯಂದ್ರಿಗೆ ಇನ್ನೊಂದು ಹೋಳಿಗಿ ಹಾಕ್ರಿ." ಬಾಗಿಲ ಕೆಳಗೆ ಕಾಣುವ ಎರಡು ಪಾದ, ಎಡಗಾಲಿನ ಹೆಬ್ಬೆರಳು ಒಂದಿಷ್ಟು ಸೊಟ್ಟ. ಅಷ್ಟೇ ನನ್ನ ಪಾಲಿಗೆ ಬಂದ ಅತ್ತೆ.

ಇವನಿಗೆ ಆ ಊರಲ್ಲಿ ಹೆಣ್ಣು ಕೊಟ್ಟವರಿಲ್ಲ, ತಂದವರಿಲ್ಲ. ನೂಲು ಕೊಳ್ಳುವ ನೆಪದಲ್ಲಿ ವಾರಕ್ಕೊಮ್ಮೆ ಗುಡ್ಡ ದಾಟಿ ಹೋಗುತ್ತಾನೆ, ನನ್ನ ಮಾವನ ಮನೆಯ ಜಗಲಿಯ ಮೇಲೆ, ಮಾವ ಇದ್ದಾಗ ನನಗೆಂದೇ ಕಂಬಳಿ ಹಾಸುತ್ತಿದ್ದ ಆ ಮೂಲೆಯಲ್ಲಿ ಕುಳಿತುಕೊಳ್ಳುತ್ತಾನೆ.

ಬಳ್ಳಾರಿ ಕಾಲೇಜಿನಲ್ಲೂ ಹೀಗೆಯೇ. ಇಬ್ಬರೂ ಒಂದೇ ಬೆಂಚು. ಅವನು ಓದು ಬಿಟ್ಟು ಜೈಲಿಗೆ ಹೋದ, ಹೂವಿನ ಹಾರ ಬಿತ್ತು. ನಾನು ಬಿಡದೆ ಓದಿ ಇಂಗ್ಲಿಷಿನಲ್ಲಿ ಫೇಲಾದೆ, ಯಾರೂ ಹಾರ ಹಾಕಲಿಲ್ಲ.

ಜೆಲಸಿ ಎಂದು ಯಾರಾದರೂ ಅಂದಾರು. ಅದಲ್ಲ. ಇದು ಪ್ರಿನ್ಸಿಪಲ್ಲಿನ ಪ್ರಶ್ನೆ, ತತ್ವದ್ದು.

ಫೆಬ್ರವರಿ ೯

ಅಕ್ಕ ಗಾಳೆಮ್ಮ ರೊಟ್ಟಿ ಬಡಿಯುತ್ತ ಕೇಳಿದಳು, "ಏನೋ ಕೊಟ್ರಬಸಪ್ಪ, ನಿನ್ನ ಹೇಣ್ತಿ ಊರಾಗ ಅದೇನೋ ನಡದೈತಂತ? ಮರುಳಸಿದ್ದಪ್ಪ ಮಾಡಾಕ ಹತ್ಯಾನಂತ?"

ಎಲ್ಲರ ಬಾಯಲ್ಲೂ ಅವನೇ. ನಡೆದದ್ದು ಇಷ್ಟು. ಊರಿಗೆ ಐದು ಜನ ಪಂಚರು. ಕೆರೆಯ ನೀರಿನ ಪಾಳಿ, ಗುಡ್ಡದ ಮೇವು, ಯಾರ ಗಾಡಿ ಯಾರ ಕೆಲಸಕ್ಕೆ ಹೋಗಬೇಕೆನ್ನುವುದು, ಎಲ್ಲ ಅವರ ಕೈಯಲ್ಲಿ. ಆ ಐವರನ್ನು ಪಟೇಲ ಕೆಂಚನಗೌಡನೇ ಹೆಸರಿಸುತ್ತ ಬಂದಿದ್ದಾನೆ. ಐವರೂ ಅವನ ಪಂಕ್ತಿಯಲ್ಲಿ ಉಣ್ಣುವವರು. ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮ ಜಂಬಪ್ಪನ ಗದ್ದೆಗೆ ಪಾಳಿ ಬರಲೇ ಇಲ್ಲ. ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಹುಲ್ಲಾಯಿತು. ಈ ಬೇಸಿಗೆಯೂ ಹಾಗಾದರೆ ಅವ್ವನನ್ನು ಕಟ್ಟಿಕೊಂಡು ಊರು ಬಿಡುವುದೇ ಎಂದಿದ್ದಾನೆ.

ಈಗ ಊರಿನವರು ಪಂಚರನ್ನು ತಾವೇ ಆರಿಸುತ್ತೇವೆ ಎನ್ನುತ್ತಿದ್ದಾರೆ. ಅಮಲ್ದಾರರ ಹತ್ತಿರ ಹೋಗಿ ಕೇಳಿದರಂತೆ. ಆ ಮನುಷ್ಯ ಬೈಯಲಿಲ್ಲ, ಓಡಿಸಲಿಲ್ಲ. "ಮಾರ್ಚ್ ಐದಕ್ಕೆ ನಾನೇ ಬರುತ್ತೇನೆ. ಒಂದು ಒಲೆಗೆ ಒಂದು ಅಭಿಪ್ರಾಯ, ಮನೆಯವರು ಯಾರು ಕೊಟ್ಟರೂ ಸರಿ. ದೀಪ ಹಚ್ಚುವುದರೊಳಗೆ ಊರಿನ ಅರ್ಧಕ್ಕಿಂತ ಹೆಚ್ಚು ಒಲೆಗಳು ಬಂದರೆ ಲೆಕ್ಕ. ಇಲ್ಲವಾದರೆ ಇದ್ದದ್ದು ಇದ್ದಂತೆ" ಎಂದರಂತೆ.

ನಾನು ಅಕ್ಕನಿಗೆ ಹೇಳಿದೆ: ಗುಡ್ಡದ ಈಚೆ ನಮ್ಮದು ಮದರಾಸು ಸರ್ಕಾರ, ಬಣ್ಣದ ಪೆಟ್ಟಿಗೆಗೆ ಚೀಟಿ ಹಾಕಿ ಬಂದವರು ನಾವು. ಗುಡ್ಡದ ಆಚೆ ಸೊಂಡೂರು ಸಂಸ್ಥಾನ, ಅರಸರ ಸೀಮೆ. ಅದು ಫಾರಿನ್ ಟೆರಿಟರಿ. ಫಾರಿನ್ನಿನಲ್ಲಿ ಡೆಮಾಕ್ರಸಿ ಬರಬೇಕಾದರೆ ಬಂದೂಕು ಬೇಕು. ಸ್ಪೇನಿನಲ್ಲಿ ಏನಾಗುತ್ತಿದೆ ಪೇಪರು ಓದು. ಬಳ್ಳಾರಿಯ ದಂಡಿನಿಂದ ಒಂದು ತುಕಡಿ ಹೋಗಿ ನಿಂತರೆ ಕೆಂಚನಗೌಡ ಒಂದೇ ದಿನಕ್ಕೆ ಮೆತ್ತಗಾಗುತ್ತಾನೆ.

"ದಂಡಿನವರು ಹೋದ ಮ್ಯಾಲೆ?" ಎಂದಳು ಅಕ್ಕ.

"ಹೋದ ಮ್ಯಾಲೆ ಏನು?"

"ಏನಿಲ್ಲ, ರೊಟ್ಟಿ ತಿನ್ನು. ಆರತೈತಿ."

ಅಕ್ಕನಿಗೆ ಹಿಸ್ಟರಿ ಗೊತ್ತಿಲ್ಲ.

ಫೆಬ್ರವರಿ ೧೩

ಮರುಳಸಿದ್ದಪ್ಪನ ಹೊಸ ಹುಚ್ಚು ಕೇಳಿ ನಗು ಬಂತು, ಆಮೇಲೆ ಬರಲಿಲ್ಲ. ಅವನು ನವಿಲುಗುಡ್ಡದ ಹೆಂಗಸರಿಗೆ ಆರಿಸುವ ತಾಲೀಮು ಕೊಡುತ್ತಿದ್ದಾನೆ. ಎರಡು ಗಡಿಗೆ, ಒಂದಕ್ಕೆ ಅರಿಸಿನದ ಬೊಟ್ಟು, ಒಂದಕ್ಕೆ ಸುಣ್ಣದ ಬೊಟ್ಟು. ಮನೆಗೊಂದು ಹುಣಸೆ ಬೀಜ. ಕಂಬಳಿಯ ಮರೆಗೆ ಹೋಗಿ ಹಾಕಿ ಬರಬೇಕು, ಯಾರಿಗೂ ಹೇಳಬಾರದು. ಮೊದಲ ವಾರ ಬಾವಿಯ ಹೂಳು ತೆಗೆಯುವುದು ಸೋಮವಾರವೋ ಗುರುವಾರವೋ ಎಂದು ಹಾಕಿದರಂತೆ. ಎರಡನೆಯ ವಾರ ಶಿವರಾತ್ರಿಯ ಭಜನೆ ಯಾರ ಮನೆಯ ಮುಂದೆ ಎಂದು. ನನ್ನ ಅತ್ತೆ ತನ್ನ ಮನೆಯ ಮುಂದೆಯೇ ಆಗಬೇಕು ಅನ್ನುವವಳು, ಸೋತಳಂತೆ. ಎರಡು ದಿನ ಯಾರ ಜೊತೆಗೂ ಮಾತಿಲ್ಲ. ಮೂರನೆಯ ದಿನ ಗೆದ್ದವರ ಮನೆ ಅಂಗಳ ತಾನೇ ಸಾರಿಸಿ ಬಂದಳಂತೆ.

"ಸೋಲೂದು ಕಲಿಯೂದs ದೊಡ್ಡದು ನೋಡ್ಲೇ. ಗೆಲ್ಲಾಕ ಎಲ್ಲಾರಿಗೂ ಬರ್ತೈತಿ" ಎಂದ. ಇಂಥ ಮಾತು ಆಡಿದಾಗ ಅವನ ಕಣ್ಣು ಹೊಳೆಯುತ್ತವೆ. ಅಂಗಡಿಯಲ್ಲಿ ಕುಳಿತಿದ್ದ ನಾಲ್ಕು ಜನ ತಲೆದೂಗಿದರು. ನಾನು ಎದ್ದು ಬಂದೆ.

ನಾನೂ ಒಂದು ಮಾತು ಹೇಳಬೇಕೆಂದಿದ್ದೆ, ಫ್ರಾಂಚೈಸಿನ ವಿಷಯ, ಮತ ಹಾಕುವ ಹಕ್ಕಿನದು. ಅದರ ಡೆಫಿನಿಷನ್ ಅರ್ಧ ನೆನಪಿತ್ತು. ಬೇಕಾಗಿದ್ದು ಉಳಿದ ಅರ್ಧ.

ಫೆಬ್ರವರಿ ೧೪

ಅತ್ತೆ ಅವನಿಗೆ ಶೇಂಗಾ ಹೋಳಿಗೆ ಕಟ್ಟಿ ಕಳಿಸಿದ್ದಾಳೆ. ಅವನು ಅದರಲ್ಲಿ ಒಂದನ್ನು ನನಗೆ ಕೊಟ್ಟ.

ತಿನ್ನಲಿಲ್ಲ. ಆಮೇಲೆ ತಿಂದೆ.

ಫೆಬ್ರವರಿ ೨೦

ಇವತ್ತು ಜಂಬಪ್ಪ ಬಂದಿದ್ದ. ಅಂಗಡಿಗಲ್ಲ, ಅವನ ಹತ್ತಿರಕ್ಕಲ್ಲ, ನೇರ ನನ್ನ ಮನೆಗೆ! ಜಗಲಿಯ ಮೇಲೆ ಕುಳಿತು ತಂಬಿಗೆ ನೀರು ಗಟಗಟ ಕುಡಿದ. ಗಾಳೆಮ್ಮಕ್ಕನ ಪುರಾಣವೆಲ್ಲ ಕೇಳಿ ಮುಗಿದ ಮೇಲೆ ಮೆಲ್ಲಗೆ ಬಾಯಿಬಿಟ್ಟ.

"ಮಾವಾರ, ಕೆಂಚನಗೌಡ ನಾಕು ಮಂದಿ ಕಟ್ಟಿಗಿ ಹಿಡದವರನ್ನ ಸಾಕ್ಯಾನ. ಮೊನ್ನಿ ನಮ್ಮ ಗಡಿಗಿ ಒಡದ್ರು. ಹೆಂಗಸರು ಮತ್ತೊಂದು ತಂದು ಇಟ್ರು. ಅದನ್ನೂ ಒಡದ್ರು. ಮತ್ತೊಂದು ಇಟ್ರು. ಮರುಳಸಿದ್ದಣ್ಣ ಸುಮ್ಕ ಇರ್ರಿ, ಕೈ ಮಾಡಬ್ಯಾಡ್ರಿ ಅಂತಾನ. ಎಷ್ಟು ದಿನ ಅಂತ ಗಡಿಗಿ ಕೊಳ್ಳೂದ್ರಿ? ನಿಮ್ಮೂರ ಗರಡಿ ಪೈಲ್ವಾನರು ಹತ್ತು ಮಂದಿ ಬಂದ್ರ ಸಾಕು."

"ಮರುಳಸಿದ್ದಪ್ಪಗ ಹೇಳಿ ಬಂದೀಯೇನು?"

"ಇಲ್ರೀ. ನೀವು ಊರ ಅಳಿಯಂದ್ರು. ನಿಮಗ ಹೇಳಬೇಕು ಅನ್ನಿಸ್ತು."

ಎದೆ ತುಂಬಿಬಂತು. ಈ ಹುಡುಗನಿಗೆ ನ್ಯಾಯ ಗೊತ್ತಿದೆ. ಹತ್ತಲ್ಲ, ಹದಿನೈದು ಜನರನ್ನು ಕರೆತರುತ್ತೇನೆಂದೆ. ಅವನನ್ನು ಬಸವಣ್ಣ ಕಾಲುವೆಯ ತನಕ ಕಳಿಸಿ ಬಂದೆ. ಬರುವಾಗ ಖಾದಿ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದೆ.

ಫೆಬ್ರವರಿ ೨೧

ಗರಡಿಗೆ ಹೋಗಿದ್ದೆ. ಉಸ್ತಾದರು ಕಂಪ್ಲಿಯವರು, ಎಮ್ಮೆಯ ಕುತ್ತಿಗೆ, ಬೆಕ್ಕಿನ ದನಿ. ಎಲ್ಲ ಕೇಳಿ, "ಬರ್ತೀವ್ರಿ. ಆದ್ರ ಹುಡುಗ್ರಿಗೆ ಬದಾಮಿ ಹಾಲು ಹೋದಕಡೆ ಬಂದಕಡೆ ಆಗಬೇಕು" ಎಂದರು. ಆಗಲಿ ಎಂದೆ. "ಹೊಡತ ಬಿದ್ರ ಕಳಿಸಿದವರು ಯಾರು ಅಂತ ಹೇಳೂದು?" "ನಾನು ಅಂತ ಹೇಳ್ರಿ" ಎಂದೆ. ದೊಡ್ಡ ಸ್ಟೇಟ್ಸ್‌ಮನ್ ಹೀಗೆಯೇ ಮಾತಾಡುವುದು. ಎಲ್ಲೋ ಓದಿದ ನೆನಪು.

ಫೆಬ್ರವರಿ ೨೩

ಮರುಳಸಿದ್ದಪ್ಪನಿಗೆ ಹೇಗೋ ತಿಳಿದಿದೆ. ಸಂಜೆ ತಾನೇ ಬಂದು ಕಾಲುವೆ ದಂಡೆಗೆ ಕರೆದುಕೊಂಡು ಹೋದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಕೊಟ್ರ್ಯಾ, ನಿನ್ನ ಪೈಲ್ವಾನರು ಅವತ್ತು ಸಂಜೀಕ ಎಲ್ಲಿ ಹೋಗ್ತಾರ?"

"ಎಲ್ಲಿ ಹೋಗ್ತಾರ, ಹೊಸಪ್ಯಾಟಿಗೆ ಬರ್ತಾರ."

"ನೀನು?"

"ನಾನೂ."

"ನಾನೂ ಬರ್ತೀನಿ. ಮರುದಿನ ಮುಂಜಾನೆ ಕೆಂಚನಗೌಡನ ಬಾವಿಗೆ ನೀರಿಗೆ ಹೋಗೂದು ಯಾರು?"

ಹೋಗುವುದು ನನ್ನ ಅತ್ತೆ. ಆ ಭಾಗದಲ್ಲಿ ಅದೊಂದೇ ಸಿಹಿನೀರು.

"ಹೊರಗಿನಾಂವ ಹೊಡದು ಕೊಟ್ಟದ್ದು, ಹೊರಗಿನಾಂವನ ಬೆನ್ನಿಗೇ ಹೊಳ್ಳಿ ಹೊಕ್ಕೈತಲೇ. ನಾನೂ ಅಲ್ಲಿ ಹೊರಗಿನಾಂವನs. ಅದಕs ನಾ ಅಲ್ಲಿ ಬಾಯಿ ತಗಿಯಂಗಿಲ್ಲ, ನೂಲು ತೂಗತೀನಿ. ಕೇಳಿದ್ರಷ್ಟೇ ಹೇಳತೀನಿ. ಗಡಿಗಿ ಇಡೂ ಉಪಾಯ ಯಾರದು ಅಂತಿ? ನಿಮ್ಮತ್ತೀದು. ಒಡದಷ್ಟೂ ಇಡೂಣು ಅಂದಾಕಿ ಆಕೀನs."

"ಪಟೇಲ ಹೊಡದ್ರ?"

"ಕುಂದರತಾರ. ತಕಲಿ ತಗದು ನೂಲತಾರ. ಅದಕ್ಕೂ ತಾಲೀಮು ಆಗೈತಿ."

ನಾನು ಇಂಗ್ಲೆಂಡಿನ ಹಿಸ್ಟರಿಯಿಂದ ಒಂದು ಉದಾಹರಣೆ ಹೇಳಹೊರಟೆ. ರಾಜನ ಹೆಸರು ನೆನಪಾಗಲಿಲ್ಲ, ತಲೆ ಕಡಿದದ್ದು ಮಾತ್ರ ನೆನಪಾಯಿತು. ಅದು ಅವನ ಪಕ್ಷಕ್ಕೋ ನನ್ನ ಪಕ್ಷಕ್ಕೋ ತಿಳಿಯದೆ ಸುಮ್ಮನಾದೆ.

ಕೊನೆಗೆ ಕೇಳಿಯೇಬಿಟ್ಟೆ, "ಅವತ್ತು ನಾನೂ ಬರ್ಲೇನು?"

ಅವನು ಕಾಲುವೆಯ ನೀರನ್ನೇ ನೋಡಿದ. "ಬರಬ್ಯಾಡ ಅಂತ ಹೇಳಾಕ ನಾ ಯಾರು? ಊರಿನ ಅಳಿಯ ನೀನು. ಬಾ ಅಂತ ಹೇಳಾಕೂ ನಾ ಅಲ್ಲ."

ನನ್ನ ಮಾವನ ಊರಿಗೆ ನಾನು ಬರುವುದು ಇವನಿಗೆ ಬೇಡ. ಇಷ್ಟು ಸಾಕು ತಿಳಿಯಲಿಕ್ಕೆ. ಇನ್ನು ಹೋಗದೆ ಬಿಡುವುದಿಲ್ಲ.

ಫೆಬ್ರವರಿ ೨೪

ಉಸ್ತಾದರಿಗೆ ಬೇಡವೆಂದು ಹೇಳಿ ಬಂದೆ. ಬದಾಮಿ ಈಗ ಬಹಳ ತುಟ್ಟಿ. ಬೇರೇನೂ ಕಾರಣವಿಲ್ಲ.

ಮಾರ್ಚ್ ೩

ಪೆಟ್ಟಿಗೆಯಿಂದ ಜರಿ ಅಂಚಿನ ರುಮಾಲು ತೆಗೆದೆ, ನನ್ನ ಮದುವೆಯದು. ಕರ್ಪೂರದ ವಾಸನೆ. ಪಂಪಮ್ಮ ಸತ್ತ ಮೇಲೆ ನವಿಲುಗುಡ್ಡಕ್ಕೆ ಹೋಗಿಲ್ಲ. ಹೋದರೆ ಹೆಂಗಸರು ಒಳಗೆ ಅಳಲು ಸುರುಮಾಡುತ್ತಾರೆ, ಏನು ಮಾಡಬೇಕೋ ತಿಳಿಯದೆ ಗಂಡಸರು ನನ್ನ ಮುಖ ನೋಡುತ್ತಾರೆ. ಅದಕ್ಕೇ ಹೋಗಿರಲಿಲ್ಲ. ಅವನು ಹೋದ. ಖಾಲಿ ಬಿದ್ದ ಜಾಗ, ಕುಳಿತುಕೊಂಡ.

ಅಕ್ಕ, "ಏನೋ, ಮತ್ತೊಂದು ಮದಿವಿ ಮಾಡ್ಕೊಳ್ಳಾಕ ಹೊಂಟೀಯೇನು?" ಎಂದಳು.

"ಊರ ಅಳಿಯ ಊರ ಮುಂದ ಹೆಂಗ ಕುಂದರಬೇಕು ಅಂತ ಒಬ್ಬಗ ತೋರಸಬೇಕು."

"ತೋರ್ಸು, ತೋರ್ಸು" ಎಂದಳು. "ದಾರ್ಯಾಗ ಕರಡಿ ಬಂದ್ರ ಮೊದಲ ರುಮಾಲು ತಗದು ಅದಕ್ಕs ಸುತ್ತು."

ಮಾರ್ಚ್ ೫, ಭಾನುವಾರ. ನವಿಲುಗುಡ್ಡ

ಹನುಮಪ್ಪನ ಗುಡಿಯ ಗೋಡೆಗೆ ಮುಖಮಾಡಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೊಳಕಾಲ ಮೇಲೆ ಪುಸ್ತಕ, ಮೂಗಿನ ಮುಂದೆ ಹೊಸ ಸುಣ್ಣ. ಇರುವೆಯ ಒಂದು ಸಾಲು ಮೇಲಕ್ಕೆ ಹೋಗುತ್ತಿದೆ. ಬೇರೆ ನೋಡಲು ಏನೂ ಇಲ್ಲ, ಆದ್ದರಿಂದ ಬರೆಯುವುದೇ ಮೇಲು. ಕ್ರಮವಾಗಿ ಹೇಳುತ್ತೇನೆ.

ಬೆಳಿಗ್ಗೆ ಜಂಬಪ್ಪ ನನ್ನನ್ನು ಎದುರುಗೊಂಡ. ಗುಡಿಯ ಕಟ್ಟೆಯ ಮೇಲೆ ಹೊಸ ಕಂಬಳಿ, ಅದರ ಮೇಲೆ ಮಡಿ ಪಂಚೆ, ಪಕ್ಕದಲ್ಲಿ ಎಲೆಅಡಿಕೆ ತಟ್ಟೆ. ಬಾಗಿಲಿಗೆ ಹತ್ತಿದ ಜಾಗ. ಒಳಗೆ ಕಂಬಳಿಯ ಮರೆಯಲ್ಲಿ ಎರಡು ಗಡಿಗೆ, ಅರಿಸಿನದ್ದು ಊರವರು ಹೇಳಿದ ಐವರಿಗೆ, ಸುಣ್ಣದ್ದು ಪಟೇಲನ ಐವರಿಗೆ. ಬೀಜ ಹಾಕುವವರೆಲ್ಲ ನನ್ನ ಮುಂದಿನಿಂದಲೇ ಹಾದುಹೋಗಬೇಕು. ಎದುರಿಗೆ ಬೇವಿನ ಮರದಡಿ ಅಮಲ್ದಾರರ ಕುರ್ಚಿ. ಮರುಳಸಿದ್ದಪ್ಪನಿಗೆ ಆಸನವಿಲ್ಲ. ದೂರ ದನದ ತೊಟ್ಟಿಯ ಹತ್ತಿರ ಕೈಕಟ್ಟಿ ನಿಂತಿದ್ದ. ರುಮಾಲು ಸರಿಮಾಡಿಕೊಂಡು ಅವನ ಕಡೆ ನೋಡಿದೆ. ಅವನು ಕೆಳಗೆ ನೋಡಿದ. ಸತ್ಯ ಹೇಳುತ್ತೇನೆ, ಇಷ್ಟು ಸುಖ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಪಟೇಲ ಕೆಂಚನಗೌಡ ತನ್ನ ಆಟ ಆಗಲೇ ಆಡಿ ಮುಗಿಸಿದ್ದ. ಬೆಳಕು ಹರಿಯುವ ಮೊದಲೇ ಪಂಚರ ಅಪ್ಪಣೆಯೆಂದು ಊರ ಗಾಡಿಗಳನ್ನೆಲ್ಲ ಕಟ್ಟಿಸಿ ಗಂಡಸರನ್ನು ಗುಡ್ಡದ ಆಚೆಗೆ ಅಟ್ಟಿದ್ದಾನೆ. ಉಳಿದವರು ಜಂಬಪ್ಪ, ಒಂದಿಬ್ಬರು ಮುದುಕರು. ಅಂದರೆ ಒಲೆಗಳ ಲೆಕ್ಕ ಮುಟ್ಟಬೇಕಾದರೆ ಹೆಂಗಸರೇ ಬಂದು ಬೀಜ ಹಾಕಬೇಕು.

ಹೆಂಗಸರು ಬಂದರು. ಓಣಿಯ ತಿರುವಿನವರೆಗೆ ಬಂದರು. ಅಲ್ಲಿಯೇ ನಿಂತರು.

ಬಿಸಿಲು ಏರಿತು. ಅಮಲ್ದಾರರು ಗಡಿಯಾರ ತೆಗೆದು ನೋಡಿದರು, ಒಳಗಿಟ್ಟರು. ಓಣಿಯ ಮೂಲೆಯಲ್ಲಿ ಸೀರೆಗಳ ಗುಂಪು ಅಲುಗಾಡುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಪಟೇಲನ ಕಟ್ಟಿಗೆಯವರಿಗೆ ಹೆದರಿದ್ದಾರೆ ಎಂದುಕೊಂಡೆ. ಮರುಳಸಿದ್ದಪ್ಪನ ತಾಲೀಮಿನ ಬಂಡವಾಳ ಇಷ್ಟೇ ಎಂದೂ ಅನ್ನಿಸಿತು. ಸುಳ್ಳೇಕೆ, ಒಂದು ಗಳಿಗೆ ಸಂತೋಷವೇ ಆಯಿತು.

ಜಂಬಪ್ಪ ನನ್ನ ಹತ್ತಿರ ಬಂದ, ಹೋದ. ಮತ್ತೆ ಬಂದ. "ಮಾವಾರ, ನೀರು ಬೇಕೇನ್ರಿ?" ಎಂದ. ಬೇಡವೆಂದೆ. "ಒಳಗ ಸ್ವಲ್ಪ ಅಡ್ಡಾಗತೀರೇನ್ರಿ?" ಎಂದ. ಯಾಕೆ, ನನಗೇನು ಮುಪ್ಪು ಬಂದಿದೆಯೇ ಎಂದೆ. ಅವನು ಬೆವರು ಒರೆಸಿಕೊಂಡು ಹೋದ. ಪಟೇಲ ತನ್ನ ಜಗಲಿಯ ಮೇಲೆ ಕಾಲು ಅಲ್ಲಾಡಿಸುತ್ತ ನಗುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕಾಲೇಜು ಓದಿದವನಿಗೆ ಗೊತ್ತಾಗಬೇಕಾಗಿತ್ತು ಅಷ್ಟೇ.

ಗುಂಪಿನ ಮುಂದೆ, ಗೋಡೆಯ ಮರೆ ಮುಗಿಯುವಲ್ಲಿ, ಒಂದು ಪಾದ ಒಂದಿಷ್ಟು ಹೊರಗೆ ಬಂತು. ಒಳಗೆ ಹೋಯಿತು. ಮತ್ತೆ ಬಂತು. ಎಡಗಾಲು, ಹೆಬ್ಬೆರಳು ಸೊಟ್ಟ.

ಆಗ ತಿಳಿಯಿತು. ಇವರು ಕಟ್ಟಿಗೆಗೆ ಹೆದರಿದವರಲ್ಲ. ಒಡೆದಷ್ಟೂ ಗಡಿಗೆ ಇಟ್ಟವರು ಕಟ್ಟಿಗೆಗೆ ಹೆದರುತ್ತಾರೆಯೇ? ಗುಡಿಯ ಬಾಗಿಲಲ್ಲಿ ಊರ ಅಳಿಯ ಜರಿ ರುಮಾಲು ಸುತ್ತಿಕೊಂಡು ಕುಳಿತಿದ್ದಾನೆ. ಅತ್ತೆಯರು ಹೇಗೆ ಹಾದುಹೋದಾರು? ಹಿರಿಯರು ಹೆಜ್ಜೆ ಇಡದೆ ಸೊಸೆಯರು ಹೇಗೆ ಇಟ್ಟಾರು? ಅಳಿಯನಿಗೆ ಏಳು ಎಂದು ಯಾರು ಹೇಳಿಯಾರು? ಹಾಗೆ ಹೇಳಿದ ಮನೆ ಏಳು ಊರಲ್ಲಿ ಮಾತಾಗುತ್ತದೆ. ಅದಕ್ಕೇ ಮರುಳಸಿದ್ದಪ್ಪ ಕಾಲುವೆಯ ನೀರು ನೋಡಿದ್ದು. ಹೇಳಬಹುದಾಗಿತ್ತಲ್ಲ ಕಳ್ಳ! ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಅದು ಬೇರೆ ಮಾತು.

ಎದ್ದು ಹೋಗಿಬಿಡೋಣವೆಂದರೆ ಅದೂ ಆಗದು. ಉಣ್ಣದೆ ಎದ್ದ ಅಳಿಯ ಮುನಿಸಿಕೊಂಡ ಅಳಿಯ. ಜಂಬಪ್ಪ ಬೆನ್ನು ಹತ್ತಿ ಬರುತ್ತಾನೆ, ಮುದುಕರು ಬರುತ್ತಾರೆ, ಒಳಗೆ ಅಳು ಸುರುವಾಗುತ್ತದೆ, ಈ ದಿನ ಅಲ್ಲಿಗೆ ಮುಗಿಯುತ್ತದೆ. ಕೆಂಚನಗೌಡನಿಗೆ ಬೇಕಾದದ್ದೂ ಅದೇ.

ಆದ್ದರಿಂದ ಕುಳಿತಲ್ಲಿಯೇ ತಿರುಗಿದೆ. ಕಂಬಳಿಯ ಸಮೇತ. ಇಷ್ಟು ದೊಡ್ಡವನು, ಬೆತ್ತದ ಏಟು ತಿಂದ ಶಾಲೆಯ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿದೆ.

ಪಟೇಲ ಜೋರಾಗಿ ನಕ್ಕ. "ಏನ್ರೀ ಅಳಿಯಂದ್ರ, ಹೊಸಪ್ಯಾಟ್ಯಾಗ ಗ್ವಾಡಿ ಇಲ್ಲೇನ್ರಿ? ನಮ್ಮೂರ ಗ್ವಾಡೀ ನೋಡಾಕ ಬಂದೀರಿ?"

ಇಂಗ್ಲಿಷಿನಲ್ಲಿ ಒಂದು ತಕ್ಕ ಉತ್ತರವಿತ್ತು. ನೆನಪಾಗಲಿಲ್ಲ. "ಸುಣ್ಣ ಚೊಲೋ ಆಗೈತ್ರಿ ಗೌಡ್ರ" ಎಂದೆ.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಳೆಯ ಸದ್ದು. ಬರಿಗಾಲು ಮಣ್ಣಿನ ಮೇಲೆ. ನನ್ನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಬ್ಬರು ಹಾದುಹೋದರು. ಒಳಗೆ ಟಕ್ ಎಂದಿತು. ಗಡಿಗೆಯ ತಳಕ್ಕೆ ಬೀಜ ಬಿದ್ದ ಸದ್ದು. ಆಮೇಲೆ ಇನ್ನೊಬ್ಬರು. ಇನ್ನೊಬ್ಬರು. ತಳ ತುಂಬುತ್ತ ಬಂದ ಹಾಗೆ ಸದ್ದು ಮೆತ್ತಗಾಗುತ್ತದೆ. ಇದು ನಾನು ಇವತ್ತು ಕಲಿತ ಹೊಸ ವಿಷಯ.

ನಡುವೆ ಒಮ್ಮೆ ಎಲ್ಲ ನಿಂತುಹೋಯಿತು. ಕಟ್ಟಿಗೆಯೊಂದು ನೆಲಕ್ಕೆ ಬಡಿಯಿತು. "ಯಾಕಬೇ ಒಳಗ? ದಾಟ್ರಿ ನೋಡೂಣು" ಎಂದು ಯಾವನೋ ಗಂಟಲು. ಜಂಬಪ್ಪನ ಉಸಿರು ನನಗೆ ಕೇಳಿಸಿತು. ನನ್ನ ಕತ್ತು ತಾನಾಗಿ ಅರ್ಧ ತಿರುಗಿತು. ಹದಿನೈದು ಪೈಲ್ವಾನರು ನೆನಪಾದರು. ನಾನು ತಿರುಗಿದರೆ ಕಟ್ಟಿಗೆಯವನು ಬೆದರುವುದಿಲ್ಲ, ಅತ್ತೆಯರೇ ಓಡಿಹೋಗುತ್ತಾರೆ. ಇರುವೆಗಳನ್ನು ನೋಡಿದೆ. ಹಲ್ಲು ಕಚ್ಚಿ ನೋಡಿದೆ.

"ಕುಂದರ್ರೆವ್ವಾ" ಎಂದಿತು ಒಂದು ದನಿ. ಬಾಗಿಲ ಮರೆಯಿಂದ ಹೋಳಿಗೆ ಹಾಕಿಸುತ್ತಿದ್ದ ದನಿಯೇ. ಸೀರೆಗಳು ಸರಬರ ಕೆಳಗೆ ಕುಳಿತವು. ಆಮೇಲೆ ತಕಲಿ ತಿರುಗುವ ಸಣ್ಣ ಗುಂಯ್. ಒಂದಲ್ಲ, ಎಷ್ಟೋ. ಬೆನ್ನ ಹಿಂದೆ ಜೇನುಹುಟ್ಟು ಇಟ್ಟ ಹಾಗೆ. ಯಾರೂ ಬೈಯಲಿಲ್ಲ. ಕಟ್ಟಿಗೆಯವನು ಒಬ್ಬನೇ ಮಾತಾಡಿ ಮಾತಾಡಿ ದಣಿದ. ಕೊನೆಗೆ ಯಲ್ಲಕ್ಕನೆಂಬ ಮುದುಕಿ ಅವನನ್ನು ಕೇಳಿದಳು: "ಲೇ ತಮ್ಮಾ, ನಿಂತು ಕಾಲು ನೋಯ್ತಾವು. ನೀನೂ ಕುಂದರು. ಹತ್ತಿ ಕೊಡ್ಲೇನು?" ಯಾರೋ ಕಿಸಕ್ಕೆಂದರು. ಅಮಲ್ದಾರರು ಕೂಡ ನಕ್ಕಿರಬೇಕು, ಕೆಮ್ಮಿದ ಹಾಗೆ ಕೇಳಿಸಿತು. "ಬಾಗಿಲು ಬಿಡಪ್ಪ" ಎಂದರು. ಕಟ್ಟಿಗೆ ನೆಲದ ಮೇಲೆ ಎಳೆದುಕೊಂಡು ಹೋದ ಸದ್ದು. ಮತ್ತೆ ಟಕ್, ಟಕ್.

ಇದನ್ನೆಲ್ಲ ಮರುಳಸಿದ್ದಪ್ಪ ಕಣ್ಣಾರೆ ನೋಡುತ್ತಿದ್ದಾನೆ. ಯಾರು ಮೊದಲು ಕುಳಿತರು, ಯಾರ ಮುಖ ಹೇಗಿತ್ತು, ಕಟ್ಟಿಗೆಯವನು ಯಾವ ಕಡೆ ಹೋದ, ಎಲ್ಲ. ನನಗೆ ಇರುವೆ. ನಾಳೆ ಅಂಗಡಿಯಲ್ಲಿ ಕುಳಿತು ನಾಲ್ಕು ಜನಕ್ಕೆ ಬಣ್ಣ ಹಚ್ಚಿ ಹೇಳುತ್ತಾನೆ. ನಾನು ಏನು ಹೇಳಲಿ? ಸುಣ್ಣ ಚೊಲೋ ಆಗಿತ್ತು ಅನ್ನಲೇ?

ಅಮಲ್ದಾರರು ಎಣಿಸಿದರು. ಅರ್ಧಕ್ಕಿಂತ ಹೆಚ್ಚು ಒಲೆ ಬಂದಿವೆಯೆಂದರು. ಅರಿಸಿನದ ಗಡಿಗೆಯದೇ ಹೆಚ್ಚು, ಊರವರು ಹೇಳಿದ ಐದು ಹೆಸರನ್ನು ಸೊಂಡೂರಿಗೆ ಬರೆಯುತ್ತೇನೆಂದರು. ಹೆಂಗಸರು ಹೋ ಎಂದರು. ಜಂಬಪ್ಪ ಅಳುತ್ತಿದ್ದ, ಅವನ ಮೂಗಿನ ಸದ್ದು ನನಗೆ ಗೊತ್ತು, ಪಂಪಮ್ಮನ ಮಣ್ಣಿನ ದಿನ ಕೇಳಿದ್ದೇನೆ. ಕೆಂಚನಗೌಡ "ಆತು ಬಿಡ್ರಿ, ಬರೂ ವರ್ಷ ನೋಡೂಣು" ಎಂದದ್ದೂ ಕೇಳಿತು. ಅಷ್ಟರಲ್ಲಿ ಗಾಡಿಗಳ ಜೊತೆ ಗಂಡಸರೂ ಮರಳಿದ ಸದ್ದಾಯಿತು, ಆಮೇಲೆ ಎಲ್ಲರೂ ಕೆರೆಯ ಕಡೆ ಹೋದರು. ಮರುಳಸಿದ್ದಪ್ಪನನ್ನೂ ಎಳೆದುಕೊಂಡು ಹೋದರು. ಹೊತ್ತುಕೊಂಡೇ ಹೋಗಿರಬೇಕು, ಅವನು ಬಿಡ್ರೋ ಬಿಡ್ರೋ ಎನ್ನುತ್ತಿದ್ದ. ಅಲ್ಲಿ ಹಲಗೆ ಬಡಿಯುತ್ತಿದ್ದಾರೆ.

ಇನ್ನು ತಿರುಗಬಹುದೆಂದು ನನಗೆ ಯಾರೂ ಹೇಳಿಲ್ಲ. ಮರೆತಿದ್ದಾರೆ. ಹೊಸಪೇಟೆಗೆ ಹೋದ ಮೇಲೆ ಇದನ್ನು

ಯಾರೋ ಬಂದಿದ್ದಾರೆ. ಬೆನ್ನ ಹಿಂದೆ. ಕಂಚಿನ ಬಟ್ಟಲು ಕಲ್ಲಿನ ಮೇಲೆ ಇಟ್ಟ ಸದ್ದು. ಮಜ್ಜಿಗೆ, ಶುಂಠಿಯ ವಾಸನೆ.

ಕಂಬಕ್ಕಲ್ಲ, ಗೋಡೆಗಲ್ಲ, ನನಗೇ ಹೇಳಿದಳು. "ಕುಡೀರಿ. ಮುಂಜಾನಿಂದ ಬಾಯಿ ಒಣಗಿರಬೇಕು."

ಬರೆಯುವುದನ್ನು ನಿಲ್ಲಿಸಿದ್ದೆ. ಬಟ್ಟಲು ತೆಗೆದುಕೊಂಡು ಕುಡಿದೆ. ತಿರುಗಲಿಲ್ಲ. ಆಕೆ ಹೋಗಲಿಲ್ಲ. ನಿಂತಿದ್ದಾಳೆ. ಕೊನೆಗೆ ಆಕೆಯೇ ಎಂದಳು:

"ನನ್ನ ಬೀಜ ನಾನs ಹಾಕಿದೆ. ಯಾವ ಗಡಿಗ್ಯಾಗ ಅಂತ ಕೇಳಬ್ಯಾಡ್ರಿ."

"ಕೇಳಂಗಿಲ್ರೀ" ಎಂದೆ.

"ಆ ನೂಲಿನ ಮರುಳಸಿದ್ದಪ್ಪ ಕೇಳಿದ. ಅವಗೂ ಹೇಳಿಲ್ಲ."

ಇದನ್ನು ಕೂಡಲೇ ಬರೆದುಕೊಳ್ಳುತ್ತಿದ್ದೇನೆ, ಆಕೆ ಇನ್ನೂ ನಿಂತಿರುವಾಗಲೇ. ಏನು ಬರೆಯುತ್ತೀರೆಂದು ಕೇಳಿದಳು. ಏನಿಲ್ಲ ಅತ್ತಿ ಎಂದೆ. ಕೆರೆಯ ಕಡೆ ಹಲಗೆಯ ಸದ್ದು ಜೋರಾಗಿದೆ. ಬಾರಿಸಲಿ. ಗೋಡೆಯ ಸುಣ್ಣ ಬೂದಿಬಣ್ಣಕ್ಕೆ ತಿರುಗಿದೆ, ಇರುವೆಗಳೂ ಕಾಣುತ್ತಿಲ್ಲ, ಬರೆದ ಸಾಲಿನ ಮೇಲೆಯೇ ಬರೆಯುತ್ತಿದ್ದೇನೆಂದು ಕಾಣುತ್ತದೆ. ಬೆಳಕು ಹೋಗುತ್ತಿದೆ.